ಗೋಧಿ ಬೇಡ, ಮೊಟ್ಟೆ ಬೇಡ, ವಾಫಲ್ ಬೇಕು

ಮಕ್ಕಳಿಗೆ ವಾಫಲ್ ತಿನ್ನಿಸಿ ನಡೆಸಿದ ವೈದ್ಯಕೀಯ ಅಧ್ಯಯನವೊಂದಿದೆ. ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯಕೀಯ ವಿದ್ಯಾಲಯದ ಅಲರ್ಜಿ ತಜ್ಞರು 2008ರಲ್ಲಿ ಅದನ್ನು ಪ್ರಕಟಿಸಿದರು. ಹಸುವಿನ ಹಾಲಿನ ಅಲರ್ಜಿಯಿದ್ದ 100 ಮಕ್ಕಳಿಗೆ, ವೈದ್ಯರ ಕಣ್ಣೆದುರೇ, ಹಾಲಿನ ಪುಡಿ ಬೆರೆಸಿ ಬೇಯಿಸಿದ ಮಫಿನ್ ಮತ್ತು ವಾಫಲ್ ಕೊಟ್ಟು ನೋಡಿದ ಅಧ್ಯಯನ ಅದು. ಮಫಿನ್ ಓವನ್ನಿನಲ್ಲಿ ಅರ್ಧ ಗಂಟೆ ಬೆಂದಿತ್ತು. ವಾಫಲ್ ಬೆಂದದ್ದು ಸುಮಾರು 260 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಬರೀ 3 ನಿಮಿಷ. ಒಂದೊಂದರಲ್ಲೂ ಹಾಲಿನ ಪ್ರೋಟೀನ್ 1.3 ಗ್ರಾಂ. ಹಸಿ ಹಾಲನ್ನು ತಾಳಲಾಗದ 68 ಮಕ್ಕಳು ಇವನ್ನು ತಿಂದು ಅರಗಿಸಿಕೊಂಡರು. 9 ಮಕ್ಕಳ ಅಲರ್ಜಿ ಅಷ್ಟರಲ್ಲಿ ಪೂರ್ತಿ ಹೋಗಿತ್ತು. ಉಳಿದ 23 ಮಕ್ಕಳಿಗೆ ಬೆಂದ ಹಾಲೂ ಆಗಲಿಲ್ಲ. ಅವರಲ್ಲಿ ಕೆಲವರಿಗೆ ಅಡ್ರಿನಾಲಿನ್ ಚುಚ್ಚುಮದ್ದನ್ನೇ ಕೊಡಬೇಕಾಯಿತು.

ಪ್ರೋಟೀನ್ ಎಂಬುದು ಮಡಚಿಕೊಂಡಿರುವ ಉದ್ದನೆಯ ಸರಪಳಿ. ಅಲರ್ಜಿಯುಳ್ಳವರ ರಕ್ತದಲ್ಲಿರುವ ಪ್ರತಿಕಾಯಗಳು ಕೆಲವರಲ್ಲಿ ಆ ಮಡಿಕೆಯ ಆಕಾರವನ್ನು ಗುರುತು ಹಿಡಿಯುತ್ತವೆ. ಜೋರು ಬೆಂಕಿಗೆ ಮಡಿಕೆ ಬಿಚ್ಚಿಕೊಂಡರೆ ಗುರುತು ತಪ್ಪುತ್ತದೆ. ಇನ್ನು ಕೆಲವರಲ್ಲಿ ಅವು ಸರಪಳಿಯ ಕೊಂಡಿಗಳನ್ನೇ ಗುರುತಿಸುತ್ತವೆ. ಅವರಿಗೆ ಎಷ್ಟು ಬೇಯಿಸಿದರೂ ಪ್ರಯೋಜನವಿಲ್ಲ. ಹೊರಗಿನಿಂದ ನೋಡಿದರೆ ಇಬ್ಬರಿಗೂ ಇರುವುದು ಹಾಲಿನ ಅಲರ್ಜಿಯೇ. ಯಾರು ಯಾವ ಗುಂಪಿನವರು ಎಂಬುದನ್ನು ತಜ್ಞರ ಎದುರೇ ತಿಳಿಯಬೇಕು, ಮನೆಯಲ್ಲಿ ಪರೀಕ್ಷಿಸಿ ನೋಡುವಂತಿಲ್ಲ. ಆದರೆ ಮನೆಯ ಅಡುಗೆಗೂ ಇದರಲ್ಲಿ ಒಂದು ಪಾಠವಿದೆ. ಪಥ್ಯ ಕಟ್ಟುನಿಟ್ಟಾಗಿದ್ದರೆ ಸಾಲದು, ಖಚಿತವಾಗಿಯೂ ಇರಬೇಕು. ಯಾವುದನ್ನು ಬಿಟ್ಟಿದ್ದೇವೆ, ಬಿಟ್ಟದ್ದು ಆ ತಿಂಡಿಯಲ್ಲಿ ಯಾವ ಕೆಲಸ ಮಾಡುತ್ತಿತ್ತು ಎಂಬ ಎರಡೂ ಗೊತ್ತಿರಬೇಕು. ಇದನ್ನು ಕಲಿಯಲು ವಾಫಲ್‌ನಷ್ಟು ಅನುಕೂಲದ ತಿಂಡಿ ಇನ್ನೊಂದಿಲ್ಲ.

ಚೌಕ ಚೌಕ ಗುಳಿಗಳ ಈ ತಿಂಡಿ ಬೆಲ್ಜಿಯಂ, ನೆದರ್ಲೆಂಡ್ಸ್ ಕಡೆಯದು. ಮಧ್ಯಯುಗದಲ್ಲಿ ಉದ್ದ ಹಿಡಿಕೆಯ ಎರಡು ಕಬ್ಬಿಣದ ಫಲಕಗಳ ನಡುವೆ ಹಿಟ್ಟು ಹೊಯ್ದು ಬೆಂಕಿಯ ಮೇಲೆ ಹಿಡಿಯುತ್ತಿದ್ದರು. ಅಮೆರಿಕದಲ್ಲಿ ಕಾರ್ನೇಲಿಯಸ್ ಸ್ವಾರ್ಟ್‌ವೌಟ್ ಎಂಬಾತ ಒಲೆಯ ಮೇಲಿಡುವ ವಾಫಲ್ ಕಬ್ಬಿಣಕ್ಕೆ 1869ರಲ್ಲಿ ಪೇಟೆಂಟ್ ಪಡೆದ. ದಪ್ಪನೆಯ, ಆಳವಾದ ಗುಳಿಗಳ ಬೆಲ್ಜಿಯನ್ ವಾಫಲ್ 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಅಮೆರಿಕನ್ನರ ಮನಗೆದ್ದಿತು. ಇಷ್ಟೆಲ್ಲ ಕಾಲದಲ್ಲಿ ಮೂಲ ಸಾಮಗ್ರಿ ಹೆಚ್ಚು ಬದಲಾಗಲಿಲ್ಲ: ಗೋಧಿ ಹಿಟ್ಟು, ಮೊಟ್ಟೆ, ಹಾಲು, ಬೆಣ್ಣೆ.

ಅಲರ್ಜಿಯ ಮನೆಗೆ ತೊಡಕು ಶುರುವಾಗುವುದೇ ಇಲ್ಲಿ. ಅನ್ನನಾಳದಲ್ಲಿ ಉರಿಯೂತವಾಗಿ ನುಂಗಿದ ತುತ್ತು ಸಿಕ್ಕಿಕೊಳ್ಳುವ ಇಸಿನೊಫಿಲಿಕ್ ಈಸೊಫೆಜೈಟಿಸ್ ಎಂಬ ಕಾಯಿಲೆಯಿದೆ. ಅದಕ್ಕೆ ಷಿಕಾಗೋದ ಮಕ್ಕಳ ವೈದ್ಯರು ಆರು ಬಗೆಯ ಆಹಾರ ಬಿಡಿಸುವ ಪಥ್ಯವೊಂದನ್ನು 2006ರಲ್ಲಿ ಮುಂದಿಟ್ಟರು. ಹಾಲು, ಗೋಧಿ, ಮೊಟ್ಟೆ, ಸೋಯಾ, ಕಡಲೆಕಾಯಿ ಹಾಗೂ ಬಾದಾಮಿ-ಗೋಡಂಬಿಯಂಥ ಬೀಜಗಳು, ಮೀನು-ಸಿಗಡಿ, ಇವಿಷ್ಟೂ ಬಂದ್. ವಾಫಲ್‌ನ ಸಾಮಗ್ರಿಯೆಲ್ಲ ಮೊದಲ ಮೂರರಲ್ಲೇ ಮುಗಿದುಹೋಗುತ್ತದೆ. ಗೋಧಿಯ ಬದಲಿಗೆ ಬಾದಾಮಿ ಹಿಟ್ಟು, ಹಾಲಿನ ಬದಲಿಗೆ ಸೋಯಾ ಹಾಲು ಎಂದು ಅಂಗಡಿಗಳು ಮಾರುವ ಪರ್ಯಾಯಗಳಿಗೂ ಬಾಗಿಲು ಮುಚ್ಚಿದೆ. ಉಳಿಯುವುದು ಅಕ್ಕಿ, ಜೋಳ, ಆಲೂಗಡ್ಡೆ, ಮರಗೆಣಸು, ತೆಂಗು, ಎಣ್ಣೆ. ಬೇಕರಿಯ ಕಪಾಟಿನ ಮುಂದೆ ನಿಂತವರಿಗೆ ಇದು ಬಡತನವಾಗಿ ಕಾಣಬಹುದು. ಕರ್ನಾಟಕದ ಅಡುಗೆಮನೆಯಲ್ಲಿ ಬೆಳೆದವರಿಗೆ ಹಾಗೆ ಕಾಣಬೇಕಾಗಿಲ್ಲ.

ಗೋಧಿಯಲ್ಲಿರುವ ಗ್ಲುಟೆನ್ ಹಿಟ್ಟಿಗೆ ಅಂಟು, ಎಳೆತ ಕೊಡುತ್ತದೆ. ಬ್ರೆಡ್ಡಿಗೆ ಅದು ಪ್ರಾಣ: ಗಂಟೆಗಟ್ಟಲೆ ಹುದುಗಿ ಉಬ್ಬುವ ಹಿಟ್ಟು ಗಾಳಿಯನ್ನು ಹಿಡಿದಿಟ್ಟುಕೊಂಡು ಕುಸಿಯದೆ ನಿಲ್ಲಬೇಕಾದರೆ ಗ್ಲುಟೆನ್‌ನ ಜಾಲ ಬೇಕೇ ಬೇಕು. ವಾಫಲ್‌ಗೆ ಅಷ್ಟು ಬೇಕಿಲ್ಲ. ಪಡ್ಡಿನ ಹೆಂಚಿನ ಗುಳಿಯಂತೆ ಇಲ್ಲಿ ಆಕಾರ ಕೊಡುವ ಹೊಣೆ ಕಬ್ಬಿಣದ್ದು. ಮೇಲಿಂದಲೂ ಕೆಳಗಿಂದಲೂ ಒಟ್ಟಿಗೇ ಕಾವು ತಾಗಿದಾಗ ಹಿಟ್ಟಿನ ನೀರು ಆವಿಯಾಗಿ ಒಳಗನ್ನು ಉಬ್ಬಿಸುತ್ತದೆ, ಪಿಷ್ಟ ಗಟ್ಟಿಯಾಗಿ ಅದೇ ಆಕಾರದಲ್ಲಿ ನಿಲ್ಲುತ್ತದೆ. ಎಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯುವುದರಿಂದ ಕುಸಿಯಲು ಪುರಸೊತ್ತೇ ಇಲ್ಲ. ಗೋಧಿಯಿಲ್ಲದ ಬ್ರೆಡ್ಡಿನಲ್ಲಿ ಸೋತವರೂ ಗೋಧಿಯಿಲ್ಲದ ವಾಫಲ್‌ನಲ್ಲಿ ಗೆಲ್ಲುವುದು ಇದರಿಂದಲೇ.

ಆದರೂ ಸ್ವಲ್ಪ ಅಂಟು ಬೇಕು, ಇಲ್ಲವಾದರೆ ತೆಗೆಯುವಾಗ ವಾಫಲ್ ಎರಡು ಹೋಳಾಗುತ್ತದೆ. ಅಂಗಡಿಯ ಮಿಶ್ರಣಗಳಲ್ಲಿ ಇದಕ್ಕೆ ಜಾಂಥನ್ ಗಮ್ ಹಾಕುತ್ತಾರೆ. ಬ್ಯಾಕ್ಟೀರಿಯಾದಿಂದ ತಯಾರಾಗುವ ಈ ಅಂಟನ್ನು ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಬಳಕೆಗೆ ತಂದವರಲ್ಲಿ ಅಲೀನ್ ಜೀನ್ಸ್ ಎಂಬ ರಸಾಯನ ವಿಜ್ಞಾನಿ ಪ್ರಮುಖರು. ಆಹಾರದಲ್ಲಿ ಅದರ ಬಳಕೆಗೆ ಅಲ್ಲಿ 1969ರಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವರ ಹೊಟ್ಟೆಗೆ ಅದು ಒಗ್ಗುವುದಿಲ್ಲ. ಅಂಥವರು ಇಸಬ್‌ಗೋಲ್ ಬಳಸಬಹುದು. ನೀರು ಕುಡಿದ ಕೂಡಲೇ ಲೋಳೆಯಾಗುವ ಈ ಹೊಟ್ಟು ಒಂದು ಚಮಚ ಸಾಕು.

ಇನ್ನೊಂದು ದಾರಿ ಉತ್ತರ ಕರ್ನಾಟಕದ ಮನೆಗಳಲ್ಲಿ ದಿನಾ ಕಾಣುವಂಥದ್ದು. ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ, ತಣ್ಣೀರಿನಲ್ಲಿ ಕಲಸಿದರೆ ಅದು ತಟ್ಟುವಾಗ ಒಡೆಯುತ್ತದೆ. ಆದ್ದರಿಂದ ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ಎಸರು ಹೊಯ್ದು, ಕೈ ಸುಡದಷ್ಟು ಆರಿದ ಮೇಲೆ ನಾದುತ್ತಾರೆ. ಬಿಸಿನೀರಿಗೆ ಪಿಷ್ಟದ ಒಂದು ಪಾಲು ಬೆಂದು ಗಂಜಿಯಾಗಿ, ಬೇಯದ ಹಿಟ್ಟನ್ನು ಕಟ್ಟಿಹಿಡಿಯುತ್ತದೆ. ಈ ಸೂತ್ರ ವಾಫಲ್‌ಗೂ ನಡೆಯುತ್ತದೆ: ಎರಡು ಚಮಚ ಹಿಟ್ಟನ್ನು ನೀರಿನಲ್ಲಿ ಕಾಯಿಸಿ ಗಂಜಿ ಮಾಡಿ, ಆರಿಸಿ, ಉಳಿದ ಹಿಟ್ಟಿಗೆ ಬೆರೆಸಿದರೆ ಗಮ್ ಇಲ್ಲದೆಯೂ ಹೋಳಾಗದ ವಾಫಲ್ ಬರುತ್ತದೆ. ಅಮೆರಿಕದ ಗ್ಲುಟೆನ್‌ರಹಿತ ಹಿಟ್ಟಿನ ಪೊಟ್ಟಣಗಳಲ್ಲಿ ಇಂದು ಅನೇಕ ಕಡೆ ಜೋಳ ಸೇರಿರುತ್ತದೆ. ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೆ ಅದರ ಹದ ಕಲಿಸಿಕೊಡಬೇಕಾಗಿಲ್ಲ.

ಮೊಟ್ಟೆಯ ಕೆಲಸ ಒಂದಲ್ಲ, ಮೂರು. ಬಿಳಿ ಗಟ್ಟಿಯಾಗಿ ಹಿಟ್ಟನ್ನು ಹಿಡಿಯುತ್ತದೆ, ಹಳದಿಯಲ್ಲಿರುವ ಲೆಸಿಥಿನ್ ಎಣ್ಣೆಯನ್ನೂ ನೀರನ್ನೂ ಬೆಸೆಯುತ್ತದೆ, ಅದರ ಪ್ರೋಟೀನ್ ಮೇಲ್ಮೈಗೆ ಕೆಂಪು ಬಣ್ಣ ತರುತ್ತದೆ. ಅಗಸೆ ಬೀಜದ ಪುಡಿ ಮೊದಲ ಕೆಲಸವನ್ನು ಚೆನ್ನಾಗಿಯೂ ಎರಡನೆಯದನ್ನು ಅಷ್ಟಿಷ್ಟೂ ಮಾಡಬಲ್ಲದು: ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಪುಡಿ, ಮೂರು ಚಮಚ ನೀರು, ಹತ್ತು ನಿಮಿಷ ನೆನೆ. ಬಣ್ಣಕ್ಕೆ ಸ್ವಲ್ಪ ಸಕ್ಕರೆ ಬೇಕಾಗುತ್ತದೆ. ಮೊಟ್ಟೆಯೂ ಬೆಣ್ಣೆಯೂ ಇಲ್ಲದ ಹಿಟ್ಟು ಕಬ್ಬಿಣಕ್ಕೆ ಕಚ್ಚಿಕೊಳ್ಳುವುದು ಹೆಚ್ಚು, ಆದ್ದರಿಂದ ಎಣ್ಣೆಯಲ್ಲಿ ಜಿಪುಣತನ ಮಾಡಬಾರದು. ಗರಿಗರಿಯಾಗುವುದೂ ಎಣ್ಣೆ ಮತ್ತು ಪಿಷ್ಟದಿಂದಲೇ.

ಆರೂ ಪದಾರ್ಥ ಬಿಟ್ಟವರಿಗೆ ಒಂದು ಅಳತೆ ಹೀಗಿರಬಹುದು. ಜೋಳದ ಹಿಟ್ಟು 120 ಗ್ರಾಂ, ನುಣ್ಣನೆಯ ಅಕ್ಕಿ ಹಿಟ್ಟು 80 ಗ್ರಾಂ, ಮರಗೆಣಸಿನ ಪಿಷ್ಟ 60 ಗ್ರಾಂ, ಇಸಬ್‌ಗೋಲ್ ಒಂದು ಚಿಕ್ಕ ಚಮಚ, ಸಕ್ಕರೆ ಒಂದು ದೊಡ್ಡ ಚಮಚ, ಉಪ್ಪು ಅರ್ಧ ಚಮಚ, ತೆಳುವಾದ ತೆಂಗಿನ ಹಾಲು 350 ಮಿಲಿಲೀಟರ್, ಎಣ್ಣೆ 60 ಮಿಲಿಲೀಟರ್, ನೆನೆಸಿದ ಅಗಸೆ. ಕಲಸಿ ಕಾಲು ಗಂಟೆ ಬಿಡಬೇಕು, ಇಲ್ಲವಾದರೆ ಅಕ್ಕಿ ಹಿಟ್ಟು ನೀರು ಹೀರದೆ ಬಾಯಿಗೆ ತರಿತರಿಯಾಗಿ ಸಿಗುತ್ತದೆ. ಬೇಕಿಂಗ್ ಪೌಡರ್ ಎರಡು ಚಿಕ್ಕ ಚಮಚ, ಅದೂ ಹೊಯ್ಯುವ ಮುಂಚೆ. ಹಿಟ್ಟು ಸೌಟಿನಿಂದ ನಿಧಾನವಾಗಿ ಜಾರುವಂತಿರಬೇಕು. ಗಟ್ಟಿಯೆನಿಸಿದರೆ ತುಸು ನೀರು. ಮುಚ್ಚಿದ ಮೇಲೆ ಅಂಚಿನಿಂದ ಮೊದಲು ಆವಿ ಭರದಿಂದ ನುಗ್ಗುತ್ತದೆ. ಅದು ಬಹುಮಟ್ಟಿಗೆ ನಿಲ್ಲುವ ತನಕ ಮುಚ್ಚಳ ಎತ್ತಬಾರದು. ಎತ್ತಿದರೆ ಮೇಲಿನ ಪದರ ಮೇಲಕ್ಕೆ, ಕೆಳಗಿನದು ಕೆಳಕ್ಕೆ ಅಂಟಿಕೊಂಡು ನಡುವೆ ಸೀಳುತ್ತದೆ. ತೆಗೆದದ್ದನ್ನು ತಟ್ಟೆಯಲ್ಲಿಡದೆ ತಂತಿಯ ಜಾಲರಿಯ ಮೇಲಿಟ್ಟರೆ ತಳ ಬೆವರಿ ಮೆತ್ತಗಾಗುವುದಿಲ್ಲ.

ಉದ್ದು ಆಗುವವರು ಇಷ್ಟನ್ನೂ ಬಿಟ್ಟು, ಹುದುಗಿದ ಇಡ್ಲಿ ಹಿಟ್ಟಿಗೆ ಎರಡು ಚಮಚ ಎಣ್ಣೆ ಸೇರಿಸಿ ನೇರವಾಗಿ ಹೊಯ್ಯಬಹುದು. ಉದ್ದಿನ ಲೋಳೆಯೇ ಅಲ್ಲಿ ಅಂಟು, ಹುದುಗಿನ ಗಾಳಿಯೇ ಬೇಕಿಂಗ್ ಪೌಡರ್.

ಸಾಮಗ್ರಿ ಸರಿಯಿದ್ದರೂ ಪಾತ್ರೆ ಕೈಕೊಡಬಹುದು. ವಾಫಲ್ ಕಬ್ಬಿಣದ ಗುಳಿಗಳ ಮೂಲೆಯಲ್ಲಿ ಹಳೆಯ ಹಿಟ್ಟಿನ ಚೂರು ಸುಟ್ಟು ಕೂತಿರುತ್ತದೆ. ಕಾವಿಗೆ ಎಲ್ಲ ಸುಟ್ಟುಹೋಗಿರುತ್ತದೆ ಎಂಬ ನಂಬಿಕೆ ಅಪಾಯದ್ದು. ಕಾವಿಗೆ ರೋಗಾಣು ಸಾಯುತ್ತದೆ, ಪ್ರೋಟೀನ್ ಮಾಯವಾಗುವುದಿಲ್ಲ. ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದರೆ ಮಾತ್ರ ಅದು ಹೋಗುವುದು. ಆದರೆ ಫಲಕ ಬಿಚ್ಚಲಾಗದ ವಿದ್ಯುತ್ ಯಂತ್ರವನ್ನು ನೀರಿನಲ್ಲಿ ಮುಳುಗಿಸುವಂತಿಲ್ಲ. ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯವರ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚಬೇಕು. ಭಾರತದಲ್ಲೂ ಅಮೆರಿಕದಲ್ಲೂ ಗ್ಲುಟೆನ್‌ರಹಿತ ಎಂದು ಬರೆಯಲು ಕಾನೂನು ಒಪ್ಪುವ ಮಿತಿ ಒಂದು ಕಿಲೋಗೆ 20 ಮಿಲಿಗ್ರಾಂ. ಹಳೆಯ ವಾಫಲ್‌ನ ಪುಡಿ ಅಂಟಿದ ಯಂತ್ರದಿಂದ ಆ ಮಿತಿಯೊಳಗಿನ ತಿಂಡಿಯನ್ನು ನಿರೀಕ್ಷಿಸಲಾಗದು. ಅವರಿಗೊಂದು ಪ್ರತ್ಯೇಕ ಯಂತ್ರ ಇಡುವುದೇ ಸರಿ. ಇಲ್ಲವೇ ಮನೆಯಲ್ಲಿ ಎಲ್ಲರೂ ಗೋಧಿಯಿಲ್ಲದ ವಾಫಲ್ ತಿನ್ನಬೇಕು. ಎರಡನೆಯದರಲ್ಲಿ ಇನ್ನೊಂದು ಒಳಿತೂ ಇದೆ: ಹುಟ್ಟುಹಬ್ಬದ ಮನೆಯಲ್ಲೂ ಶಾಲೆಯಲ್ಲೂ ತನ್ನ ಡಬ್ಬಿ ಹಿಡಿದು ಬೇರೆ ಕೂರುವ ಮಗು ತನ್ನ ಮನೆಯಲ್ಲಾದರೂ ಎಲ್ಲರ ತಟ್ಟೆಯಲ್ಲಿರುವುದನ್ನೇ ತಿನ್ನುತ್ತದೆ. ಅಡುಗೆ ಮಾಡುವವರು ಆ ಮಗುವಿಗೆ ಕೊಡಬಹುದಾದ ದೊಡ್ಡ ಉಡುಗೊರೆ ಅದು.

ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸವೂ ಅಡುಗೆಯ ಭಾಗವೇ. ಕಬ್ಬಿಣಕ್ಕೆ ಸಿಂಪಡಿಸುವ ಎಣ್ಣೆಯ ಡಬ್ಬಿಗಳಲ್ಲಿ ಸೋಯಾ ಲೆಸಿಥಿನ್ ಇರುವುದುಂಟು. ಖಾರದ ವಾಫಲ್‌ಗೆ ಒಗ್ಗರಣೆ ಹಾಕುವವರು ಇಂಗನ್ನು ನೋಡಿ ಕೊಳ್ಳಬೇಕು: ಪುಡಿ ಇಂಗಿಗೆ ಗೋಧಿ ಹಿಟ್ಟು ಬೆರೆಸುವುದು ಸಾಮಾನ್ಯ. ಓಟ್ಸ್ ಎಷ್ಟೋ ಸಲ ಗೋಧಿಯ ಜೊತೆ ಒಂದೇ ಗಿರಣಿಯಲ್ಲಿ ಹಾದು ಬಂದಿರುತ್ತದೆ. ಊರಿನ ಗಿರಣಿಯಲ್ಲಿ ಬೀಸಿದ ಜೋಳಕ್ಕೂ ಅದೇ ಮಾತು, ಅದಕ್ಕೂ ಮುಂಚೆ ಬಿದ್ದದ್ದು ಗೋಧಿಯಾಗಿದ್ದರೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಕಡಲೆಕಾಯಿ ಮತ್ತು ಇತರ ಬೀಜಗಳು, ಸೋಯಾ, ಸಲ್ಫೈಟ್ ಇವುಗಳನ್ನು ಪೊಟ್ಟಣದ ಮೇಲೆ ಘೋಷಿಸಬೇಕು ಎನ್ನುತ್ತವೆ. ಆ ಪಟ್ಟಿಯಲ್ಲಿ ಎಳ್ಳಿಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳೂ ಸೇರಿದೆ. ಆದರೆ ಎಳ್ಳು ಬೆರೆಯದಂತೆ ಕಾರ್ಖಾನೆ ಶುಚಿಯಿಡುವ ಖರ್ಚು ಉಳಿಸಲು ಕೆಲವು ಬ್ರೆಡ್ ತಯಾರಕರು ಬೇಕೆಂದೇ ಎಳ್ಳಿನ ಹಿಟ್ಟು ಸೇರಿಸಿ, ಎಳ್ಳಿದೆ ಎಂದು ಬರೆದುಬಿಟ್ಟರು. ಎಳ್ಳು ಆಗದ ಮಕ್ಕಳ ಪಾಲಿಗೆ ನಿನ್ನೆಯ ತನಕ ತಿನ್ನುತ್ತಿದ್ದ ಬ್ರೆಡ್ಡೂ ಹೋಯಿತು. ರಕ್ಷಿಸಲು ಮಾಡಿದ ಕಾನೂನು ಹೀಗೆ ತಿರುಗಿದ್ದು ನೋವಿನ ಸಂಗತಿ.

ಬಿಡುವುದರಿಂದಲೇ ಗುಣ ಕಂಡ ಕಥೆ ಹೊಸದೇನಲ್ಲ. ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಸೀಲಿಯಾಕ್ ಮಕ್ಕಳಿಗೆ ಗೋಧಿಯೇ ವಿಷ ಎಂಬ ಶಂಕೆಯಲ್ಲಿದ್ದರು. 1944-45ರ ಚಳಿಗಾಲದ ಬರದಲ್ಲಿ ಬ್ರೆಡ್ ಸಿಗದೆ ಊರಿಗೆ ಊರೇ ಹಸಿದಿದ್ದಾಗ ಆ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ ಮರಳಿ ಬಂದಾಗ ಮತ್ತೆ ಕಾಯಿಲೆ ಬಿದ್ದರು. ಅವರ ಶಂಕೆಗೆ ಅದು ಬಲ ಕೊಟ್ಟಿತು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಮಂಡಿಸಿದರು.

ಆದರೆ ಬೇಕಾದ್ದಕ್ಕಿಂತ ಹೆಚ್ಚು ಬಿಡುವುದೂ ತಪ್ಪೇ. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ ಅಲರ್ಜಿಯ ಅಪಾಯ ಹೆಚ್ಚಿದ್ದ 640 ಹಸುಗೂಸುಗಳ ಅಧ್ಯಯನ ಪ್ರಕಟಿಸಿತು. ಚಿಕ್ಕಂದಿನಿಂದಲೇ ಕಡಲೆಕಾಯಿ ತಿಂದವರಿಗಿಂತ ಅದನ್ನು ದೂರವಿಟ್ಟವರಲ್ಲೇ ಅಲರ್ಜಿ ಬಹಳ ಹೆಚ್ಚು ಕಾಣಿಸಿಕೊಂಡಿತ್ತು. 2023ರಲ್ಲಿ ಅಮೆರಿಕದ ಇನ್ನೊಂದು ಅಧ್ಯಯನ, ಆ ಅನ್ನನಾಳದ ಕಾಯಿಲೆಯಿದ್ದ 129 ವಯಸ್ಕರಲ್ಲಿ ಆರು ಆಹಾರ ಬಿಡುವುದನ್ನೂ ಹಾಲೊಂದನ್ನೇ ಬಿಡುವುದನ್ನೂ ಹೋಲಿಸಿತು. ಆರು ವಾರದ ಬಳಿಕ ಆರನ್ನೂ ಬಿಟ್ಟವರಲ್ಲಿ 100ಕ್ಕೆ 40 ಮಂದಿಗೆ, ಹಾಲು ಮಾತ್ರ ಬಿಟ್ಟವರಲ್ಲಿ 34 ಮಂದಿಗೆ ಉರಿಯೂತ ಇಳಿದಿತ್ತು. ದೊಡ್ಡ ಅಂತರವೇನೂ ಇರಲಿಲ್ಲ. ಹಾಲೊಂದರಿಂದಲೇ ಆರಂಭಿಸಿ ನೋಡಬಹುದು ಎಂದಾದ ಮೇಲೆ ಎಷ್ಟೋ ತಟ್ಟೆಗಳಿಗೆ ಗೋಧಿಯೂ ಮೊಟ್ಟೆಯೂ ಮರಳಬಹುದು.

ಬಿಟ್ಟದ್ದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಒಂದೊಂದಾಗಿ ಮರಳಿ ತರುವ ಹಂತದಲ್ಲಿ ಮನೆಯ ವಾಫಲ್ ಮತ್ತೆ ಕೆಲಸಕ್ಕೆ ಬರುತ್ತದೆ. ಒಗ್ಗಿದ ಅಳತೆ ಹಾಗೇ ಇರುತ್ತದೆ, ತೆಂಗಿನ ಹಾಲಿನ ಜಾಗಕ್ಕೆ ವೈದ್ಯರು ಹೇಳಿದಷ್ಟು ಹಸುವಿನ ಹಾಲು ಬರುತ್ತದೆ, ಬೇರೇನೂ ಬದಲಾಗುವುದಿಲ್ಲ. ತೊಂದರೆಯಾದರೆ ಯಾವುದರಿಂದ ಎಂದು ಹುಡುಕಬೇಕಾಗಿಲ್ಲ. ಹಾಲು ಒಗ್ಗಿತೆಂದರೆ ಮುಂದಿನ ಸರದಿಯಲ್ಲಿ ಅಗಸೆಯ ಬದಲು ಮೊಟ್ಟೆ, ಆಮೇಲೆ ಜೋಳದ ಪಾಲಿನಲ್ಲಿ ಗೋಧಿ. ಅದಕ್ಕಾಗಿ ಮೊದಲ ದಿನದಿಂದಲೇ ಅಳತೆಗಳನ್ನು ಲೋಟ, ಹಿಡಿಗಳಲ್ಲಿಡದೆ ಗ್ರಾಂನಲ್ಲಿ ತೂಗಿ, ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಒಂದು ವಾಫಲ್‌ಗೆ ಎಷ್ಟು ಹಿಟ್ಟು ಹೋಯಿತು, ಎಷ್ಟು ಹೊತ್ತು ಬೆಂದಿತು, ಮಗು ಅದರಲ್ಲಿ ಎಷ್ಟು ಪಾಲು ತಿಂದಿತು ಎಂಬುದು ಅದರಲ್ಲಿದ್ದರೆ ಮುಂದಿನ ಭೇಟಿಯಲ್ಲಿ ವೈದ್ಯರೂ ಆಹಾರತಜ್ಞರೂ ಊಹೆಯ ಮೇಲೆ ನಡೆಯಬೇಕಾಗುವುದಿಲ್ಲ.