ವಿನಿಮಯ ದರದ ನೆಪ, ಏರದ ಪಿಂಚಣಿ

ಒಂದು ದೇಶದ ಹಣದಲ್ಲಿ ವರಮಾನ ಪಡೆದು ಮತ್ತೊಂದು ದೇಶದ ಹಣದಲ್ಲಿ ಸಂಸಾರ ತೂಗಿಸುವವರಿಗೆ ಎರಡು ಬೆಲೆಗಳ ಮೇಲೆ ಹಿಡಿತವಿರುವುದಿಲ್ಲ: ಅವರು ನೆಲೆಸಿದ ಊರಿನ ಬಾಡಿಗೆ, ಔಷಧ, ದಿನಸಿಗಳ ಬೆಲೆ ಒಂದು, ಅವರ ವರಮಾನದ ಹಣಕ್ಕೆ ಪ್ರತಿಯಾಗಿ ಅಲ್ಲಿನ ಹಣ ಎಷ್ಟು ಸಿಗುತ್ತದೆ ಎಂಬುದನ್ನು ನಿರ್ಧರಿಸುವ ವಿನಿಮಯ ದರ ಇನ್ನೊಂದು. ದುಡಿಯುವ ವಯಸ್ಸಿನವರು ಹೆಚ್ಚು ದುಡಿದೋ ಕೆಲಸ ಬದಲಿಸಿಯೋ ಈ ಏರಿಳಿತವನ್ನು ಹೇಗೋ ನಿಭಾಯಿಸಿಯಾರು, ಆದರೆ ಎಪ್ಪತ್ತು ದಾಟಿದ ಪಿಂಚಣಿದಾರರಿಗೆ ಆ ದಾರಿ ಇಲ್ಲ. ಬ್ರಿಟನ್ನಿನ ಸರ್ಕಾರಿ ಪಿಂಚಣಿಯನ್ನು ನಂಬಿ ಹೊರದೇಶಗಳಲ್ಲಿ ಬದುಕುತ್ತಿರುವ ನಾಲ್ಕು ಲಕ್ಷಕ್ಕೂ ಹೆಚ್ಚು ವೃದ್ಧರ ಪಾಲಿಗೆ ಈ ಸಂಕಷ್ಟ ಇನ್ನಷ್ಟು ಬಿಗಿಯಾಗಿದೆ. ಅವರಿಗೆ ವಾರ್ಷಿಕ ಏರಿಕೆಯನ್ನು ನಿರಾಕರಿಸುವ ನೀತಿಗೆ ಸಿಕ್ಕಿರುವ ಸಮರ್ಥನೆಗಳಲ್ಲಿ ವಿನಿಮಯ ದರದ ಏರಿಳಿತವೂ ಸೇರಿದೆ. ಈ ಸಮರ್ಥನೆ ಆರ್ಥಿಕ ತರ್ಕಕ್ಕೂ ನ್ಯಾಯಕ್ಕೂ ನಿಲ್ಲುವಂಥದ್ದಲ್ಲ.

ಬ್ರಿಟನ್ನಿನಲ್ಲಿ ದುಡಿದವರು ತಮ್ಮ ವೇತನದಿಂದ ಕಡ್ಡಾಯವಾಗಿ ಕಟ್ಟುವ ವಂತಿಗೆಗೆ ನ್ಯಾಷನಲ್ ಇನ್ಶೂರೆನ್ಸ್ ಎಂದು ಹೆಸರು. ಆ ವಂತಿಗೆ ಕಟ್ಟಿದ ವರ್ಷಗಳ ಆಧಾರದ ಮೇಲೆ, ನಿವೃತ್ತಿಯ ವಯಸ್ಸಿನಲ್ಲಿ, ವಾರಕ್ಕಿಷ್ಟು ಎಂಬ ಲೆಕ್ಕದಲ್ಲಿ ಪಿಂಚಣಿ ನಿಗದಿಯಾಗುತ್ತದೆ. ಕರ್ನಾಟಕದ ನಿವೃತ್ತ ನೌಕರರಿಗೆ ತುಟ್ಟಿಭತ್ಯೆ ಸಿಗುವಂತೆ, ಅಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಈ ಮೊತ್ತ ಏರುತ್ತದೆ. ಕಳೆದ ದಶಕದ ಆರಂಭದಿಂದ ಚಾಲ್ತಿಯಲ್ಲಿರುವ 'ಟ್ರಿಪಲ್ ಲಾಕ್' ಸೂತ್ರದಂತೆ ಬೆಲೆ ಏರಿಕೆ, ಸರಾಸರಿ ವೇತನದ ಏರಿಕೆ ಮತ್ತು ಶೇ 2.5 ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು ಪಿಂಚಣಿ ಹೆಚ್ಚುತ್ತದೆ. ಆದರೆ ಪಿಂಚಣಿದಾರ ಭಾರತ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಥಾಯ್ಲೆಂಡ್ ಮೊದಲಾದ ದೇಶಗಳಲ್ಲಿ ನೆಲೆಸಿದ್ದರೆ ಈ ಏರಿಕೆ ಇಲ್ಲ. ಅಲ್ಲಿ ಹೋಗಿ ನೆಲೆಸಿದಾಗ, ಅಥವಾ ಅಲ್ಲಿದ್ದುಕೊಂಡೇ ಪಿಂಚಣಿ ಆರಂಭವಾದಾಗ, ಎಷ್ಟಿತ್ತೋ ಅಷ್ಟೇ ಮೊತ್ತ ಕೊನೆಯವರೆಗೂ ಬರುತ್ತದೆ. ಇದನ್ನು 'ಸ್ಥಗಿತ ಪಿಂಚಣಿ' ಎನ್ನಬಹುದು. 2000ದಲ್ಲಿ ಮೂಲ ಪಿಂಚಣಿ ವಾರಕ್ಕೆ 67.50 ಪೌಂಡ್ ಇದ್ದದ್ದು, ಬ್ರಿಟನ್ನಿನಲ್ಲೇ ಉಳಿದವರಿಗೆ 2024-25ರ ಹೊತ್ತಿಗೆ 169.50 ಪೌಂಡ್ ಆಗಿತ್ತು. ಅಂದು ನಿವೃತ್ತರಾಗಿ ಈ ದೇಶಗಳಲ್ಲಿ ನೆಲೆಸಿದವರಿಗೆ ಇಂದಿಗೂ ಸಿಗುವುದು ಅದೇ 67.50 ಪೌಂಡ್.

ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಆನೆಟ್ ಕಾರ್ಸನ್ ಎಂಬ ಪಿಂಚಣಿದಾರರು ಈ ತಾರತಮ್ಯವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2005ರಲ್ಲಿ ಬ್ರಿಟನ್ನಿನ ಅಂದಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು, 2010ರ ಮಾರ್ಚ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ವಿಸ್ತೃತ ಪೀಠವೂ 11–6ರ ಬಹುಮತದಿಂದ ಅವರ ವಿರುದ್ಧವೇ ತೀರ್ಪು ನೀಡಿತು. ಪಿಂಚಣಿ ವ್ಯವಸ್ಥೆಯನ್ನು ಬ್ರಿಟನ್ನಿನ ಒಳಗಿನ ಅಗತ್ಯಗಳಿಗೆ ತಕ್ಕಂತೆ ರೂಪಿಸಲಾಗಿದೆ ಎಂಬುದು ಆ ತೀರ್ಪಿನ ಒಂದು ಎಳೆ. ಹೊರದೇಶಗಳ ಹಣದುಬ್ಬರ, ಜೀವನವೆಚ್ಚ, ಬಡ್ಡಿದರ ಮತ್ತು ಪೌಂಡಿನೊಂದಿಗೆ ಅಲ್ಲಿನ ಹಣದ ವಿನಿಮಯ ದರ ಬೇರೆ ಬೇರೆಯಾಗಿರುವುದರಿಂದ ಅಲ್ಲಿರುವವರನ್ನು ಬ್ರಿಟನ್ನಿನಲ್ಲಿರುವವರೊಂದಿಗೆ ಹೋಲಿಸಲಾಗದು ಎಂಬುದು ಇನ್ನೊಂದು. ಕಾನೂನಿನ ದೃಷ್ಟಿಯಿಂದ ಪ್ರಕರಣ ಅಲ್ಲಿಗೆ ಮುಗಿದಿರಬಹುದು, ಆದರೆ ನ್ಯಾಯಾಲಯ ಹೇಳಿದ್ದು ಸರ್ಕಾರ ಹೀಗೆ ಮಾಡಲು ಅಡ್ಡಿಯಿಲ್ಲ ಎಂದಷ್ಟೇ ಹೊರತು ಹೀಗೆಯೇ ಮಾಡಬೇಕೆಂದಲ್ಲ. ಆರು ನ್ಯಾಯಾಧೀಶರ ಭಿನ್ನಮತವನ್ನೂ ಹಗುರವಾಗಿ ಕಾಣುವಂತಿಲ್ಲ.

ವಿನಿಮಯ ದರದ ವಾದದ ದೋಷ ಎಲ್ಲಿದೆ ಎಂಬುದನ್ನು ತಿಳಿಯಬೇಕಾದರೆ, ಪೌಂಡ್ ಕುಸಿದಾಗ ಬ್ರಿಟನ್ನಿನ ಒಳಗೆ ಏನಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. 2016ರ ಜೂನ್ 23ರ ಜನಮತಗಣನೆಯಲ್ಲಿ ಯುರೋಪಿಯನ್ ಒಕ್ಕೂಟದಿಂದ ಹೊರಬರುವ ತೀರ್ಮಾನವಾದೊಡನೆ, 1.50 ಡಾಲರ್ ಮುಟ್ಟಿದ್ದ ಪೌಂಡ್ ಒಂದೇ ರಾತ್ರಿಯಲ್ಲಿ 1.32 ಡಾಲರ್ ಆಸುಪಾಸಿಗೆ ಬಿತ್ತು. ಪೌಂಡ್ ಅಗ್ಗವಾದರೆ ಬ್ರಿಟನ್ ಆಮದು ಮಾಡಿಕೊಳ್ಳುವ ಇಂಧನ, ಆಹಾರ, ಬಟ್ಟೆ ತುಟ್ಟಿಯಾಗುತ್ತವೆ, ಹಣದುಬ್ಬರ ಏರುತ್ತದೆ. 2017ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಗ್ರಾಹಕ ಬೆಲೆ ಏರಿಕೆ ಶೇ 3ಕ್ಕೆ ತಲುಪಿತು, ಅದನ್ನನುಸರಿಸಿ 2018ರ ಏಪ್ರಿಲ್‌ನಲ್ಲಿ ಪಿಂಚಣಿಯೂ ಶೇ 3ರಷ್ಟು ಏರಿತು. ವಾರ್ಷಿಕ ಏರಿಕೆಯೆಂಬುದು ಪೌಂಡಿನ ಕುಸಿತಕ್ಕೆ ತಡವಾಗಿಯಾದರೂ, ಭಾಗಶಃವಾದರೂ, ಸಿಗುವ ಪರಿಹಾರವಾಗಿದೆ ಎಂಬುದು ಇದರಿಂದ ಸ್ಪಷ್ಟ. ಸ್ಪೇನಿನಲ್ಲಿ ನೆಲೆಸಿರುವ ಬ್ರಿಟಿಷ್ ಪಿಂಚಣಿದಾರರಿಗೆ ಯುರೋ ಲೆಕ್ಕದಲ್ಲಿ ನಷ್ಟವಾದರೂ ಈ ಪರಿಹಾರ ದೊರೆಯಿತು, ಥಾಯ್ಲೆಂಡಿನಲ್ಲಿರುವವರಿಗೆ ಕುಸಿತದ ಪಾಲು ಪೂರ್ತಿ ಬಂತು, ಪರಿಹಾರದ ಪಾಲು ಮಾತ್ರ ಬರಲಿಲ್ಲ. ವಿನಿಮಯ ದರ ಅಸ್ಥಿರವಾಗಿದೆ ಎಂಬುದು ಏರಿಕೆ ಕೊಡದಿರಲು ಕಾರಣವಾಗಲಾರದು. ಅದು ಏರಿಕೆ ಕೊಡಲೇಬೇಕೆಂಬುದಕ್ಕೆ ಇರುವ ಬಲವಾದ ಕಾರಣ.

ವಿನಿಮಯ ದರ ಕೆಲವೊಮ್ಮೆ ಪಿಂಚಣಿದಾರರ ಪರವಾಗಿಯೂ ತಿರುಗುತ್ತದಲ್ಲ ಎಂಬ ಮಾತು ಇಲ್ಲಿ ಬರುವುದು ಸಹಜ, ಅದನ್ನು ಪರಿಶೀಲಿಸದೆ ಬಿಡಲಾಗದು. ರೂಪಾಯಿಯ ಲೆಕ್ಕವನ್ನೇ ತೆಗೆದುಕೊಳ್ಳಬಹುದು. 2000ದಲ್ಲಿ ಒಂದು ಪೌಂಡಿಗೆ ಸುಮಾರು 68 ರೂಪಾಯಿ ಸಿಗುತ್ತಿದ್ದರೆ 2024ರಲ್ಲಿ ಸರಾಸರಿ 107 ರೂಪಾಯಿಯ ಆಸುಪಾಸಿನಲ್ಲಿತ್ತು. ಭಾರತದಲ್ಲಿ ನೆಲೆಸಿದವರ ವಾರದ 67.50 ಪೌಂಡ್ ಈ ಅವಧಿಯಲ್ಲಿ ಸುಮಾರು 4,600 ರೂಪಾಯಿಯಿಂದ 7,200 ರೂಪಾಯಿಗೆ ಏರಿದಂತೆ ಕಾಣುತ್ತದೆ, ಅಂದರೆ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಆದರೆ ಇದೇ ಕಾಲದಲ್ಲಿ ಭಾರತದ ಬೆಲೆಗಳು ಮೂರು ಪಟ್ಟನ್ನೂ ಮೀರಿ ಏರಿವೆ. ರೂಪಾಯಿ ಕುಸಿಯುವುದಕ್ಕೆ ಇಲ್ಲಿನ ಹಣದುಬ್ಬರವೂ ಒಂದು ಮುಖ್ಯ ಕಾರಣವಾದ್ದರಿಂದ, ಕೈಗೆ ಬರುವ ರೂಪಾಯಿಗಳ ಸಂಖ್ಯೆ ಹೆಚ್ಚಿದರೂ ಅವು ಕೊಳ್ಳುವ ಸಾಮಾನು ಕಡಿಮೆಯಾಗುತ್ತ ಹೋಗುತ್ತದೆ. ವಾರ್ಷಿಕ ಏರಿಕೆ ಸಿಕ್ಕಿದ್ದರೆ ಅದೇ ವೃದ್ಧರಿಗೆ ವಾರಕ್ಕೆ 18,000 ರೂಪಾಯಿ ದಾಟುತ್ತಿತ್ತು. ರೂಪಾಯಿ ಬಿದ್ದರೆ ಹೊರದೇಶದ ವರಮಾನದವರಿಗೆ ಹಬ್ಬ ಎಂಬ ಮಾತನ್ನು ಎಲ್ಲರಿಗೂ ಅನ್ವಯಿಸುವವರು ಈ ಅಂತರವನ್ನು ಗಮನಿಸಬೇಕು.

ಆಸ್ಟ್ರೇಲಿಯಾದಲ್ಲಿ ಆದದ್ದು ಇದಕ್ಕಿಂತ ಕಠೋರ. 2000ದಲ್ಲಿ ಒಂದು ಪೌಂಡಿಗೆ ಸುಮಾರು 2.6 ಆಸ್ಟ್ರೇಲಿಯನ್ ಡಾಲರ್ ಸಿಗುತ್ತಿತ್ತು. ಮುಂದೆ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರು ಮತ್ತು ಕಲ್ಲಿದ್ದಲಿನ ರಫ್ತು ಉಕ್ಕೇರಿ ಆ ಡಾಲರ್ ಬಲಗೊಂಡಿತು, 2012ರ ಹೊತ್ತಿಗೆ ಪೌಂಡಿಗೆ ಒಂದೂವರೆ ಡಾಲರ್ ಸಿಕ್ಕರೆ ಹೆಚ್ಚು ಎಂಬಂತಾಯಿತು. ವಾರಕ್ಕೆ 175 ಡಾಲರ್ ಆಗುತ್ತಿದ್ದ ಪಿಂಚಣಿ, ಪೌಂಡ್ ಲೆಕ್ಕದಲ್ಲಿ ಒಂದು ಪೆನ್ನಿಯೂ ಕಡಿಮೆಯಾಗದಿದ್ದರೂ, ನೂರು ಡಾಲರ್ ಚಿಲ್ಲರೆಗೆ ಇಳಿಯಿತು. ಬ್ರಿಟನ್ ಏರಿಕೆ ಕೊಡದಿರುವುದನ್ನು ಪ್ರತಿಭಟಿಸಿ ಆಸ್ಟ್ರೇಲಿಯಾ 2001ರಲ್ಲಿ ಆ ದೇಶದೊಂದಿಗಿನ ಸಾಮಾಜಿಕ ಭದ್ರತಾ ಒಪ್ಪಂದವನ್ನೇ ಕೊನೆಗೊಳಿಸಿತ್ತು. ತೀರ ಬಡವರಾದ ಬ್ರಿಟಿಷ್ ವೃದ್ಧರಿಗೆ ಆಸ್ಟ್ರೇಲಿಯಾದ ತೆರಿಗೆದಾರರು ಒಂದಿಷ್ಟು ಆಸರೆಯಾಗುತ್ತಿದ್ದಾರೆ ಎಂಬುದು ಬ್ರಿಟನ್ನಿಗೆ ಗೌರವ ತರುವ ಸಂಗತಿಯಲ್ಲ.

ಥಾಯ್ಲೆಂಡಿನಲ್ಲಿ ವಿನಿಮಯ ದರ ವಾಸದ ಹಕ್ಕಿಗೇ ಕೈಹಾಕುತ್ತದೆ. ಐವತ್ತು ದಾಟಿದ ವಿದೇಶಿಯರು ನಿವೃತ್ತಿಯ ಆಧಾರದ ಮೇಲೆ ಅಲ್ಲಿ ವರ್ಷದಿಂದ ವರ್ಷಕ್ಕೆ ಉಳಿಯಬೇಕಾದರೆ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು, ಇಲ್ಲವೇ ಬ್ಯಾಂಕಿನಲ್ಲಿ ಎಂಟು ಲಕ್ಷ ಬಾತ್ ಇಟ್ಟಿರಬೇಕು. ಪೌಂಡಿಗೆ ಎಪ್ಪತ್ತು ಬಾತ್ ಸಿಗುತ್ತಿದ್ದ 2007ರ ಸುಮಾರಿನಲ್ಲಿ ಈ ಷರತ್ತು ಪೂರೈಸಲು ತಿಂಗಳಿಗೆ ಒಂದು ಸಾವಿರ ಪೌಂಡ್ ಕೂಡ ಬೇಕಿರಲಿಲ್ಲ. ದರ ನಲವತ್ತಕ್ಕಿಂತ ಕೆಳಗಿಳಿದ 2019ರಲ್ಲಿ 1,700 ಪೌಂಡ್ ಇದ್ದರೂ ಸಾಲದಾಗುವ ಸ್ಥಿತಿ ಬಂತು. ಅದೇ ವರ್ಷದ ಜನವರಿಯಿಂದ ಬ್ಯಾಂಕಾಕಿನ ಬ್ರಿಟಿಷ್ ರಾಯಭಾರ ಕಚೇರಿ ವರಮಾನ ದೃಢೀಕರಣ ಪತ್ರ ಕೊಡುವುದನ್ನೂ ನಿಲ್ಲಿಸಿತು. ಸರ್ಕಾರಿ ಪಿಂಚಣಿಯ ಜೊತೆಗೆ ಸಣ್ಣದೊಂದು ಖಾಸಗಿ ಪಿಂಚಣಿ ಸೇರಿಸಿ ಹೇಗೋ ಲೆಕ್ಕ ಹೊಂದಿಸುತ್ತಿದ್ದವರು, ಎಂದೂ ಏರದ ಮೊತ್ತವನ್ನು ಹಿಡಿದುಕೊಂಡು ಈ ಅಂತರವನ್ನು ಎಲ್ಲಿಂದ ತುಂಬಬೇಕು?

ಇಷ್ಟಕ್ಕೂ ವಿನಿಮಯ ದರವೇ ನಿಜವಾದ ಅಡ್ಡಿಯಾಗಿದ್ದರೆ ಅದು ಎಲ್ಲ ದೇಶಗಳಿಗೂ ಅನ್ವಯಿಸಬೇಕಿತ್ತು. ಅಮೆರಿಕ, ಫಿಲಿಪ್ಪೀನ್ಸ್, ಜಮೈಕಾ, ಟರ್ಕಿಗಳಲ್ಲಿರುವ ಬ್ರಿಟಿಷ್ ಪಿಂಚಣಿದಾರರಿಗೆ ಪ್ರತಿ ವರ್ಷ ಏರಿಕೆ ಸಿಗುತ್ತದೆ, ಆ ದೇಶಗಳಿಗೂ ಅವುಗಳದೇ ಹಣವಿದೆ, ಅವುಗಳದೇ ಹಣದುಬ್ಬರವಿದೆ. ಟರ್ಕಿಯ ಲೀರಾದಷ್ಟು ಕುಸಿದ ಹಣ ಇತ್ತೀಚಿನ ವರ್ಷಗಳಲ್ಲಿ ಅಪರೂಪ. ನಯಾಗರ ಜಲಪಾತದ ಎರಡು ದಡಗಳಲ್ಲಿ ಒಂದೇ ಹೆಸರಿನ ಎರಡು ಊರುಗಳಿವೆ. ಅಮೆರಿಕದ ದಡದಲ್ಲಿರುವವರಿಗೆ ಏರಿಕೆ ಇದೆ, ಕೆನಡಾದ ದಡದಲ್ಲಿರುವವರಿಗೆ ಇಲ್ಲ. ಸ್ಥಗಿತ ಪಿಂಚಣಿಯವರು ತಾತ್ಕಾಲಿಕವಾಗಿ ಬ್ರಿಟನ್ನಿಗೆ ಬಂದರೆ ಅಲ್ಲಿರುವಷ್ಟು ದಿನ ಪೂರ್ಣ ದರ, ಮರಳಿದ ಕೂಡಲೇ ಹಳೆಯ ದರ. ವ್ಯತ್ಯಾಸಕ್ಕೆ ಕಾರಣ ಪರಸ್ಪರ ಒಪ್ಪಂದಗಳು, ಅವನ್ನು ಮಾಡಿಕೊಳ್ಳುವುದೂ ಬಿಡುವುದೂ ಬ್ರಿಟನ್ ಸರ್ಕಾರದ ಇಚ್ಛೆಗೆ ಬಿಟ್ಟದ್ದು. ಕೆನಡಾ ಅಂಥ ಒಪ್ಪಂದಕ್ಕೆ ಮುಂದೆ ಬಂದರೂ ಬ್ರಿಟನ್ ಒಪ್ಪಿಲ್ಲ.

ದೇಶ ಬಿಡುವುದು ಅವರೇ ಮಾಡಿಕೊಂಡ ಆಯ್ಕೆ ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ಹೊರದೇಶದ ಹಣದ ಏರಿಳಿತವನ್ನು ಹೊರುವ ಹೊಣೆ ಹೋದವರದೇ, ಬಾತ್ ಬಲಗೊಂಡದ್ದಕ್ಕೆ ಬ್ರಿಟನ್ ಪರಿಹಾರ ಕೊಡಬೇಕೆಂದು ಯಾರೂ ಕೇಳುತ್ತಿಲ್ಲ. ಅವರು ಕೇಳುತ್ತಿರುವುದು ಬ್ರಿಟನ್ನಿನಲ್ಲೇ ಇರುವ ಸಹೋದ್ಯೋಗಿಗೆ, ಅದೇ ವಂತಿಗೆಗೆ ಪ್ರತಿಯಾಗಿ, ಸಿಗುವಷ್ಟೇ ಪೌಂಡ್‌ಗಳನ್ನು. ವಂತಿಗೆ ಕಟ್ಟಿಸಿಕೊಳ್ಳುವಾಗ ಮುಂದೆ ಎಲ್ಲಿ ವಾಸಿಸುವಿರಿ ಎಂದು ಕೇಳಿ ದರ ಕಡಿಮೆ ಮಾಡುವ ಪದ್ಧತಿ ಇಲ್ಲ. ಹಿಂದಿನ ಎಲ್ಲ ವರ್ಷಗಳ ಏರಿಕೆಯನ್ನು ಒಮ್ಮೆಗೇ ಕೊಟ್ಟರೆ ಖರ್ಚು ದೊಡ್ಡದಾಗುತ್ತದೆ ಎಂಬುದು ನಿಜ. ಆದ್ದರಿಂದಲೇ ಇಂದಿನ ಮೊತ್ತದಿಂದ ಆರಂಭಿಸಿ ಮುಂದಿನ ಏರಿಕೆಗಳನ್ನಾದರೂ ಕೊಡಿ ಎಂಬ ಬೇಡಿಕೆಯನ್ನು ಪಿಂಚಣಿದಾರರು ಮುಂದಿಟ್ಟಿದ್ದಾರೆ, ಇದರ ವೆಚ್ಚ ತೀರ ಕಡಿಮೆ.

ಈ ವಿವಾದ ಕರ್ನಾಟಕಕ್ಕೆ ದೂರದ್ದಲ್ಲ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ದುಡಿದು ತವರಿಗೆ ಮರಳುವ ವೈದ್ಯರೂ ದಾದಿಯರೂ ಇದೇ ಸ್ಥಗಿತ ಪಿಂಚಣಿಯ ಪಟ್ಟಿಗೆ ಸೇರುತ್ತಾರೆ. ಕಂಪನಿಗಳ ಪರವಾಗಿ ಅಲ್ಪಕಾಲಕ್ಕೆ ಅಲ್ಲಿಗೆ ಹೋಗುವ ತಂತ್ರಜ್ಞರಿಗೆ ಮೂರು ವರ್ಷಗಳವರೆಗೆ ವಂತಿಗೆಯ ವಿನಾಯಿತಿ ನೀಡಲು ಭಾರತ ಮತ್ತು ಬ್ರಿಟನ್ 2025ರಲ್ಲಿ ಒಪ್ಪಿಕೊಂಡಿವೆ. ಅದು ವಂತಿಗೆಯ ಮಾತು, ಹತ್ತಾರು ವರ್ಷ ವಂತಿಗೆ ಕಟ್ಟಿ ಮರಳಿದವರ ಪಿಂಚಣಿಯ ಏರಿಕೆ ಅದರ ವ್ಯಾಪ್ತಿಯಲ್ಲಿಲ್ಲ. ವ್ಯಾಪಾರದ ಮಾತುಕತೆಗೆ ಬ್ರಿಟನ್ನನ್ನು ಮೇಜಿನೆದುರು ಕೂರಿಸಬಲ್ಲ ಭಾರತ ಸರ್ಕಾರ, ಮುಂದಿನ ಸುತ್ತಿನಲ್ಲಿ ಈ ವೃದ್ಧರ ಪಿಂಚಣಿಯನ್ನೂ ಎತ್ತಬೇಕು, ಕರ್ನಾಟಕದ ಸಂಸದರು ಅದನ್ನು ಲೋಕಸಭೆಯಲ್ಲಿ ಕೇಳಬೇಕು.