ಕುದುರೆಯ ಗೊರಸಿನ ಸದ್ದು

ನಮ್ಮ ಬೀದಿಯ ಕೊನೆಯಲ್ಲಿ ಟಾಂಗಾ ಓಡಿಸುವ ಹಿರಿಯರೊಬ್ಬರಿದ್ದಾರೆ. ಬೀದಿಯವರಿಗೆಲ್ಲ ಅವರು ಚಾಚಾ. ಬೆಳಿಗ್ಗೆ ಕುದುರೆಯ ಗೊರಸಿನ ಸದ್ದು ಕೇಳಿಸಿತೆಂದರೆ ಚಾಚಾ ಅರಮನೆಯ ಕಡೆಗೆ ಹೊರಟರು ಎಂದರ್ಥ. ಎಷ್ಟೋ ವರ್ಷಗಳಿಂದ ಕೇಳುತ್ತಿದ್ದ ಆ ಸದ್ದು 2020ರ ಮಾರ್ಚ್ ಕೊನೆಯಲ್ಲಿ ನಿಂತುಹೋಯಿತು. ಅದು ನಿಂತಿದೆ ಎಂಬುದು ನನ್ನ ಗಮನಕ್ಕೆ ಬಂದದ್ದು ಮಾತ್ರ ಕೆಲವು ದಿನಗಳ ಬಳಿಕ.

ಮೈಸೂರಿನವರಾದ ನಾವು ಪ್ರವಾಸಿಗರನ್ನು ಬೈಯುವುದರಲ್ಲಿ ನಿಸ್ಸೀಮರು. ದಸರಾ ಬಂತೆಂದರೆ ಆಟೋದವರು ನಮ್ಮ ಮುಖ ನೋಡುವುದಿಲ್ಲ, ದೇವರಾಜ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲೆಂದರಲ್ಲಿ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ. ಆದ್ದರಿಂದ ಲಾಕ್‌ಡೌನ್‌ನ ಮೊದಲ ವಾರ ನನಗೆ ಒಳಗೊಳಗೇ ಸಂತೋಷವಾದದ್ದುಂಟು. ಸಯ್ಯಾಜಿರಾವ್ ರಸ್ತೆ ಖಾಲಿ. ಮಹಡಿಯ ಮೇಲೆ ನಿಂತರೆ ಚಾಮುಂಡಿ ಬೆಟ್ಟ ತೊಳೆದಿಟ್ಟಂತೆ ಕಾಣುತ್ತಿತ್ತು. ‘ಊರು ಹೀಗೇ ಇದ್ದರೆ ಎಷ್ಟು ಚೆನ್ನ’ ಎಂದು ಮನೆಯಲ್ಲಿ ಹೇಳಿಯೂ ಬಿಟ್ಟೆ. ತಿಂಗಳ ಸಂಬಳ ಬರುವವರ ಬಾಯಲ್ಲಷ್ಟೇ ಬರುವ ಮಾತು ಅದು ಎಂಬುದು ಆಗ ಹೊಳೆಯಲಿಲ್ಲ.

ರಮಝಾನ್‌ನ ಒಂದು ಸಂಜೆ ಚಾಚಾ ಬಾಗಿಲಿಗೆ ಬಂದರು. ಅಕ್ಕಿ ಕೇಳಲಿಲ್ಲ, ಹಣ ಕೇಳಲಿಲ್ಲ. ‘ಬೇಟಿ, ತರಕಾರಿ ಸಿಪ್ಪೆ ಎಸೆಯಬೇಡಿ, ನನಗೆ ಕೊಡಿ’ ಎಂದರು. ಹುರುಳಿ, ಬೂಸಾ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ‘ನಮಗೆ ಉಪವಾಸ ಅಭ್ಯಾಸವಾಗಿದೆ. ಕುದುರೆಗೆ ಲಾಕ್‌ಡೌನ್ ಎಂದರೆ ಏನೆಂದು ಹೇಗೆ ತಿಳಿಸಲಿ?’ ಎಂದು ನಗಲು ನೋಡಿದರು. ನನಗೆ ನಗು ಬರಲಿಲ್ಲ.

ಆ ದಿನ ನಾನು ನಮ್ಮ ಬೀದಿಯನ್ನು ಹೊಸದಾಗಿ ನೋಡಿದೆ. ಬೀಟೆಮರದ ಹಲಗೆಯಲ್ಲಿ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಮಾಡುವ ಎದುರು ಮನೆಯವರು ಯಾರಿಗೆ ಮಾರುತ್ತಿದ್ದರು? ಪ್ರವಾಸಿಗರಿಗೆ. ಸಾವಿರ ಕಡ್ಡಿಗೆ ಇಷ್ಟೆಂದು ಅಗರಬತ್ತಿ ಹೊಸೆಯುವ ಹೆಂಗಸರ ಸರಕು ಎಲ್ಲಿಗೆ ಹೋಗುತ್ತಿತ್ತು? ಅದರಲ್ಲೊಂದು ಪಾಲು ಅರಮನೆಯ ಸುತ್ತಮುತ್ತಲ ಅಂಗಡಿಗಳಿಗೆ. ಮೃಗಾಲಯದ ಆನೆ, ಜಿರಾಫೆಗಳ ಮೇವಿಗೂ ಪ್ರವಾಸಿಗರ ಟಿಕೆಟ್ ಹಣವೇ ಮುಖ್ಯ ಆಧಾರ. 1892ರಿಂದ ಇರುವ ಆ ಮೃಗಾಲಯವೇ ಆಗ ದಾನಿಗಳ ಮುಖ ನೋಡಬೇಕಾಯಿತು. ನಾವು ಬೈಯುತ್ತಿದ್ದ ಜನಜಂಗುಳಿಯೇ ಊರಿನ ಅರ್ಧ ಒಲೆಗಳನ್ನು ಉರಿಸುತ್ತಿತ್ತು.

2020ರ ಜೂನ್ 8ರಂದು ಅರಮನೆ ಮತ್ತು ಮೃಗಾಲಯದ ಬಾಗಿಲು ತೆರೆಯಿತು. ಬಾಗಿಲು ತೆರೆದ ಮಾತ್ರಕ್ಕೆ ಜನ ಬರುತ್ತಾರೆಯೇ? ಆ ವರ್ಷದ ಜಂಬೂ ಸವಾರಿ ಅರಮನೆಯ ಆವರಣದೊಳಗೇ ಮುಗಿಯಿತು. 2021ರಲ್ಲೂ ಅದೇ ಕಥೆ. ಎರಡು ವರ್ಷ ಮೆರವಣಿಗೆ ಬನ್ನಿಮಂಟಪದ ದಾರಿ ಹಿಡಿಯಲಿಲ್ಲ. ಆ ದಾರಿಯುದ್ದಕ್ಕೂ ಕಡಲೆಕಾಯಿ, ಬಲೂನು ಮಾರಿ ವರ್ಷದ ಸಾಲ ತೀರಿಸುತ್ತಿದ್ದವರ ಸಾಲ ಹಾಗೇ ಉಳಿಯಿತು.

2022ರಲ್ಲಿ ದಸರಾ ಮತ್ತೆ ಮೊದಲಿನಂತೆ ನಡೆಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರಿನ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರಕಾರಿ ಬಸ್ಸು ಉಚಿತವಾಯಿತು. ಈಗ ಭಾನುವಾರ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಹೊತ್ತುವ ಹೊತ್ತಿಗೆ ನಿಂತು ನೋಡಿ. ಹೆಂಗಸರ ಗುಂಪುಗಳೇ ಹೆಚ್ಚು. ಬುತ್ತಿ ಕಟ್ಟಿಕೊಂಡು ಬಂದ ಒಬ್ಬಾಕೆ ನನ್ನಲ್ಲಿ ಬಸ್ ನಿಲ್ದಾಣದ ದಾರಿ ಕೇಳಿದರು. ಮದುವೆಯಾಗಿ ಮೂವತ್ತು ವರ್ಷವಾದರೂ ತವರಿನ ಹೊರತು ಬೇರೆ ಊರು ಕಂಡಿರಲಿಲ್ಲವಂತೆ. ದೀಪ ಹೊತ್ತಿದಾಗ ಆಕೆ ಮಗುವಿನಂತೆ ಕೈತಟ್ಟಿದರು. ಅಂದಿನಿಂದ ಜನಜಂಗುಳಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಆದರೆ ಮರಳಿದ್ದು ಎಲ್ಲವೂ ಅಲ್ಲ. ರಸ್ತೆ ಚೆನ್ನಾಗಿರುವುದರಿಂದ ಬೆಳಿಗ್ಗೆ ಬಂದವರು ಸಂಜೆಗೇ ಹೊರಡುತ್ತಾರೆ. ‘ಕುದುರೆ ಜೊತೆ ಫೋಟೋ ತೆಗೆಯುತ್ತಾರೆ, ಟಾಂಗಾ ಹತ್ತುವುದಿಲ್ಲ’ ಎನ್ನುತ್ತಾರೆ ಚಾಚಾ.

ಇನ್ನೊಂದು ಮಾತು ಹೇಳದೆ ಈ ಬರಹ ಮುಗಿಸಲಾರೆ. ಚಾಚಾರ ಮೊಮ್ಮಗಳು ಲಾಕ್‌ಡೌನ್ ಬಂದಾಗ ಎಂಟನೇ ತರಗತಿಯಲ್ಲಿದ್ದಳು. ಮನೆಯಲ್ಲಿದ್ದ ಒಂದೇ ಮೊಬೈಲನ್ನು ಸಾಲದ ಕಾಲದಲ್ಲಿ ಮಾರಿದ್ದರು. ಅಮ್ಮನ ಜೊತೆ ಅಗರಬತ್ತಿಯ ಮಣೆಯ ಮುಂದೆ ಕುಳಿತಳು. 2021ರ ಆಗಸ್ಟ್ 23ರಂದು ಒಂಬತ್ತು, ಹತ್ತನೇ ತರಗತಿಗಳು ಪುನಃ ಆರಂಭವಾದಾಗ ಅವಳು ಶಾಲೆಗೆ ಬರಲಿಲ್ಲ. ಅಷ್ಟೂ ತಿಂಗಳು ಅವರ ಮನೆಗೆ ತರಕಾರಿ ಸಿಪ್ಪೆ ಕೊಟ್ಟ ನಾನು, ಪಾಠ ಹೇಳುವುದೇ ಕೆಲಸವಾಗಿರುವ ನಾನು, ‘ಹುಡುಗಿ ಓದುತ್ತಿದ್ದಾಳೆಯೇ?’ ಎಂದು ಒಮ್ಮೆಯೂ ಕೇಳಿರಲಿಲ್ಲ. ಕುದುರೆಯ ಹಸಿವು ಕಣ್ಣಿಗೆ ಕಂಡಿತು; ಮಗುವಿನದು ಕಾಣಲಿಲ್ಲ. ಪ್ರವಾಸಿಗರು ಮರಳಿದರು. ಅವಳು ಮರಳಲಿಲ್ಲ.

ಸಹೋದರಿಯರೇ, ಸೀಸನ್ ನಂಬಿ ಬದುಕುವ ಮನೆಗಳು ಮೈಸೂರಿನಲ್ಲಿ ಮಾತ್ರ ಇಲ್ಲ. ಅಂತಹ ಮನೆ ನಿಮ್ಮದಾಗಿದ್ದರೆ, ಆದಾಯವಿರುವ ತಿಂಗಳಲ್ಲಿ ಸ್ವಲ್ಪವಾದರೂ ತೆಗೆದಿಡಿ. ಕೈ ಬಿಗಿಯಾದಾಗ ಮೊದಲು ಕಡಿತವಾಗುವ ಖರ್ಚು ಹೆಣ್ಣು ಮಗುವಿನ ಓದು ಆಗದಿರಲಿ. ಅಂತಹ ಮನೆ ನೆರೆಯಲ್ಲಿದ್ದರೆ, ಅಕ್ಕಿಯ ಜೊತೆಗೆ ಮಕ್ಕಳ ಶಾಲೆಯನ್ನೂ ವಿಚಾರಿಸಿ. ನೀವೇ ಪ್ರವಾಸ ಹೊರಟರೆ, ಆ ಊರಿನ ಸಣ್ಣ ಕೈಗಳಿಗೂ ನಾಲ್ಕು ಕಾಸು ಸೇರಲಿ. ಹೋಟೆಲಿನಲ್ಲಿ ಸಾವಿರಾರು ರೂಪಾಯಿ ಮರುಮಾತಿಲ್ಲದೆ ಕೊಟ್ಟು, ಟಾಂಗಾದವನೊಡನೆ ಇಪ್ಪತ್ತು ರೂಪಾಯಿಗೆ ಜಗಳಾಡುವುದು ಯಾವ ನ್ಯಾಯ? ನಿಮ್ಮ ಕಸ ನಿಮ್ಮ ಚೀಲದಲ್ಲೇ ಇರಲಿ. ಅದು ಯಾರದೋ ಮನೆಯಂಗಳ.

ಆ ಹುಡುಗಿ ಈಗ ಯುವತಿ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯೋಣ, ಗಣಿತ ನಾನು ಹೇಳಿಕೊಡುತ್ತೇನೆ ಎಂದು ಕೇಳಿದ್ದೇನೆ. ಹೂಂ ಎಂದಿಲ್ಲ. ಬೇಡ ಎಂದೂ ಹೇಳಿಲ್ಲ. ದಿನವೂ ಬೆಳಿಗ್ಗೆ ಗೊರಸಿನ ಸದ್ದು ಕೇಳಿದಾಗ, ಇವತ್ತು ಇನ್ನೊಮ್ಮೆ ಕೇಳಬೇಕು ಎಂದುಕೊಳ್ಳುತ್ತೇನೆ.