ಗೃಹವೈದ್ಯ ವಿಚಾರ: ಶಬ್ದದಿಂದ ಮೆದುಳಿನ ಗಡ್ಡೆ ಕರಗುವುದೇ?

ಅಜ್ಜೀಪುರದ ಗೃಹಸ್ಥರೊಬ್ಬರು ನಮಗೆ ಪತ್ರ ಬರೆದು, ತಮ್ಮ ಸೋದರನ ಮೆದುಳಿನಲ್ಲಿ ಗಡ್ಡೆಯಾಗಿರುವುದೆಂದೂ, ತಲೆಯನ್ನು ತೆರೆಯದೆ ಅಲ್ಟ್ರಾಸೌಂಡಿನಿಂದಲೇ ಅದನ್ನು ಕರಗಿಸಬಹುದೆಂದು ಯಾರೋ ಹೇಳಿದರೆಂದೂ ತಿಳಿಸಿ, ಹೊಲವನ್ನು ಒತ್ತೆಯಿಟ್ಟಾದರೂ ಅದನ್ನು ಮಾಡಿಸಬಹುದೇ ಎಂದು ಕೇಳಿರುವರು. ಹೊಲದ ಮಾತು ಬಂದುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುವೆವು: ಇದಕ್ಕಾಗಿ ಒತ್ತೆಯಿಡತಕ್ಕುದಲ್ಲ.

ಅಲ್ಟ್ರಾಸೌಂಡೆಂದರೆ ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಸಲ ಕಂಪಿಸುವ, ಮನುಷ್ಯನ ಕಿವಿಗೆ ನಿಲುಕದ ಶಬ್ದ. ಗರ್ಭಿಣಿಯರ ಸ್ಕ್ಯಾನಿಂಗಿನಿಂದ ನಮ್ಮ ಮನೆಗಳಿಗೆ ಇದು ಪರಿಚಿತವೇ. ಭೂತಗನ್ನಡಿಯು ಬಿಸಿಲನ್ನು ಕೂಡಿಸುವಂತೆ ಇದನ್ನು ಒಂದೆಡೆ ಕೂಡಿಸಿದರೆ ಅಲ್ಲಿ ಕಾವು ಹುಟ್ಟುವುದು. ಕೈನಡುಕದ ಒಂದು ರೋಗಕ್ಕೆ ಈ ಕ್ರಮವನ್ನು ಅಮೆರಿಕದಲ್ಲಿ 2016ರಲ್ಲಿ ಅಂಗೀಕರಿಸಿದರು. ಆದರೆ ಅಲ್ಲಿ ಸುಡತಕ್ಕುದು ಕೆಲವೇ ಮಿಲಿಮೀಟರುಗಳ ಎಡೆ; ಬೇರುಬಿಟ್ಟು ಹರಡುವ ಗಡ್ಡೆಯ ವಿಷಯ ಬೇರೆ.

ಗಡ್ಡೆಯಲ್ಲಿ ಶಬ್ದದಿಂದ ಬಯಸುವ ಮುಖ್ಯ ಕೆಲಸವು ಬಾಗಿಲು ತೆರೆಯುವುದು. ಮೆದುಳಿನ ರಕ್ತನಾಳಗಳ ಒಳಗೋಡೆಯು ಬಲು ಬಿಗಿ. ವಿಷವನ್ನು ತಡೆಯುವಂತೆಯೇ ಹೆಚ್ಚಿನ ಔಷಧಗಳನ್ನೂ ತಡೆಯುವುದು. ರಕ್ತಕ್ಕೆ ಅತಿ ಸೂಕ್ಷ್ಮವಾದ ಗುಳ್ಳೆಗಳನ್ನು ಸೇರಿಸಿ ಶಬ್ದವನ್ನು ಹಾಯಿಸಿದರೆ ಅವು ಹಿಗ್ಗಿ ಕುಗ್ಗಿ ಗೋಡೆಯ ಸಂದುಗಳನ್ನು ಸಡಿಲಿಸುವುವು. ರೋಗವನ್ನು ಕೊಲ್ಲತಕ್ಕುದು ಆಗ ಒಳಹೊಗುವ ಔಷಧ, ಶಬ್ದವಲ್ಲ.

ಶಿಕಾಗೋ ನಗರದ ವೈದ್ಯರು ಮರುಕಳಿಸಿದ ಗ್ಲಯೋಬ್ಲಾಸ್ಟೋಮ ರೋಗದ 17 ಮಂದಿಯಲ್ಲಿ ಇದನ್ನು ಪರೀಕ್ಷಿಸಿ 2023ರಲ್ಲಿ ಫಲಿತವನ್ನು ಪ್ರಕಟಿಸಿದರು. ಗಡ್ಡೆಯನ್ನು ತೆಗೆಯುವ ಶಸ್ತ್ರಕ್ರಿಯೆಯಲ್ಲಿಯೇ ತಲೆಬುರುಡೆಯ ಎಡೆಯಲ್ಲಿ 9 ಶಬ್ದೋತ್ಪಾದಕಗಳ ಉಪಕರಣವನ್ನು ಕೂಡಿಸಿದರು. ತಲೆ ತೆರೆಯದ ಚಿಕಿತ್ಸೆಯೆಂಬ ಮಾತು ಇಲ್ಲಿಯೇ ಬಿದ್ದುಹೋಯಿತು! ಮೆದುಳಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಔಷಧದ ಪ್ರಮಾಣ ಸುಮಾರು 3.7 ಪಟ್ಟು ಏರಿತು. ತೆರೆದ ಬಾಗಿಲು ಬಹುಮಟ್ಟಿಗೆ ಒಂದು ಗಂಟೆಯೊಳಗೆ ಮುಚ್ಚಿತು. ತಲೆನೋವೂ, ಕೆಲವರಲ್ಲಿ ತಾತ್ಕಾಲಿಕ ನರದೌರ್ಬಲ್ಯವೂ, ಔಷಧದ ಪ್ರಮಾಣ ಏರಿದಾಗ ಮನಸ್ಸಿನ ಗೊಂದಲವೂ ಕಂಡುಬಂದುವು. ಇದು ಮೊದಲ ಹಂತದ ಪರೀಕ್ಷೆ. ಎಷ್ಟು ಔಷಧವನ್ನು ದೇಹ ಸಹಿಸುವುದೆಂಬುದೇ ಅದರ ಪ್ರಶ್ನೆ. ಆಯುಸ್ಸು ಬೆಳೆಯುವುದೇ ಎಂಬುದನ್ನು ಅದು ತೀರ್ಮಾನಿಸಲಾರದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1974ರಲ್ಲಿ ಈಗಿನ ರೂಪ ತಾಳಿದುದು. ಹನೂರು, ಕೊಳ್ಳೇಗಾಲಗಳ ಮಾರ್ಗವಾಗಿ ಅಲ್ಲಿಗೆ ಹೋಗುವುದು ಅಜ್ಜೀಪುರದವರಿಗೆ ದೂರವಾದರೂ ಅಸಾಧ್ಯವಲ್ಲ. ಗಡ್ಡೆಯ ತುಣುಕಿನ ಪರೀಕ್ಷಾವರದಿಯನ್ನೂ ಸ್ಕ್ಯಾನಿನ ಚಿತ್ರಗಳನ್ನೂ ತಪ್ಪದೆ ಕೊಂಡೊಯ್ಯಲಿ. ಗಡ್ಡೆಯ ಜಾತಿ ತಿಳಿಯದೆ ಚಿಕಿತ್ಸೆಯ ಮಾತೇ ಇಲ್ಲ. ಕೆಲವು ಜಾತಿಗಳು ಶಸ್ತ್ರಕ್ರಿಯೆಯೊಂದರಿಂದಲೇ ವಾಸಿಯಾಗುವುವು.

ಯಾರಾದರೂ ಶಬ್ದಚಿಕಿತ್ಸೆಯ ಪ್ರಯೋಗಕ್ಕೆ ಕರೆದರೆ, ಭಾರತದ ಪ್ರಯೋಗಗಳ ದಾಖಲೆಯಾದ ಸಿ.ಟಿ.ಆರ್.ಐ.ಯಲ್ಲಿ ಅದರ ಸಂಖ್ಯೆ ಯಾವುದೆಂದು ಕೇಳಬೇಕು. ಒಪ್ಪಿಗೆಯ ಕಾಗದವನ್ನು ಕನ್ನಡದಲ್ಲಿ ಓದಿಸಿಕೊಳ್ಳಬೇಕು. ಹಣ ಕೇಳಿದರೆ ಏತಕ್ಕೆಂದು ಬರೆಯಿಸಿಕೊಳ್ಳಬೇಕು.